ವೀರಬಸಮ್ಮನ ಮೊದಲಿನಾತ

ಮೂಗದಿನ್ನೆಯ ಪಂಚಾಕ್ಷರಯ್ಯ ಇಲ್ಲವಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಯರ್ರೆಪ್ಪನ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ. ಆ ಗಳಿಗೆಯಲ್ಲಿ ಅವನಿಗೆ ಏನೂ ಆಗಲಿಲ್ಲ. ಎದೆ ಹಿಡಿಯಲಿಲ್ಲ, ಕಣ್ಣಿಗೆ ಕತ್ತಲೆ ಬರಲಿಲ್ಲ, ಚಹಾದ ರುಚಿ ಕೂಡ ಕೆಡಲಿಲ್ಲ. ನಿಜ ಹೇಳಬೇಕೆಂದರೆ ಅಂದು ಅವನು ಎಂದಿಗಿಂತ ಹೆಚ್ಚು ಉಮೇದಿನಲ್ಲಿದ್ದ. ಇಲ್ಲವಾಗುವ ಮನುಷ್ಯನಿಗೆ ಇರಬಾರದಷ್ಟು ಉಮೇದು.

ಅವನದು ಹತ್ತಿಯ ದಲಾಲಿ. ಊರಿನ ರೈತರಿಗೂ ಆದೋನಿಯ ಮಾರ್ಕೆಟ್ಟಿಗೂ ನಡುವೆ ಓಡಾಡಿಕೊಂಡು, ಎರಡೂ ಕಡೆಯವರಿಂದ ಬೈಸಿಕೊಂಡು, ಎರಡೂ ಕಡೆ ಚಹಾ ಕುಡಿದು ಬದುಕುವ ಕಸುಬು. ಆದರೆ ದೊಡ್ಡ ಫೋನು ಕೊಂಡ ಮೇಲೆ ಅವನಿಗೆ ಹತ್ತಿಗಿಂತ ಸರ್ಕಾರದ ಮೇಲೆ ಮೋಹ ಹೆಚ್ಚಾಗಿತ್ತು. ಆಂಧ್ರದಲ್ಲಿ ಈಗ ಸಚಿವಾಲಯ ಎಂಬುದು ರಾಜಧಾನಿಯಲ್ಲಿ ಮಾತ್ರ ಇರುವ ವಸ್ತುವಲ್ಲ, ಹಳ್ಳಿಗೊಂದು ಇದೆ. ಮೂಗದಿನ್ನೆಯ ಸಚಿವಾಲಯ ಹಳೆಯ ದನದ ದವಾಖಾನೆಯ ಪಕ್ಕದಲ್ಲಿದೆ. ಅಲ್ಲಿಗೂ ಹೋಗಬೇಕಾಗಿಲ್ಲ ಎಂಬುದು ಪಂಚಾಕ್ಷರಯ್ಯನ ವಾದ. ಕಚೇರಿಯೆಲ್ಲ ಫೋನಿನೊಳಗೆ ಬಂದು ಕೂತಿದೆ, ನಾವು ಕೇಳುವ ಮೊದಲೇ ನಮಗೇನು ಬೇಕೆಂದು ಅದಕ್ಕೆ ಗೊತ್ತು ಎಂದು ಅವನು ದಿನಾ ಬೆಂಚಿನ ಮೇಲೆ ಕೂತು ಹೇಳುತ್ತಿದ್ದ.

ಅದಕ್ಕೆ ಪುರಾವೆಯಾಗಿ ಅವನಿಗೆ ಸರ್ಕಾರದಿಂದ ಫೋನು ಬರುತ್ತಿತ್ತು. ಎಲ್ಲರಿಗೂ ಬರುತ್ತಿತ್ತು, ಆದರೆ ಉಳಿದವರು ಕಟ್ ಮಾಡುತ್ತಿದ್ದರು. ನಿಮ್ಮ ಊರಿನಲ್ಲಿ ಕಸ ಎತ್ತುತ್ತಿದ್ದಾರೆಯೇ, ತೃಪ್ತಿಯಾಗಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು ಒತ್ತಿ ಎಂದು ಒಬ್ಬ ಹೆಂಗಸಿನ ಧ್ವನಿ ತೆಲುಗಿನಲ್ಲಿ ಕೇಳುತ್ತಿತ್ತು. ಅದು ಮೊದಲೇ ಮುದ್ರಿಸಿದ ಧ್ವನಿ ಎಂದು ಎಷ್ಟು ಜನ ಹೇಳಿದರೂ ಪಂಚಾಕ್ಷರಯ್ಯ ನಂಬುತ್ತಿರಲಿಲ್ಲ. ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಎಲ್ಲಾ ಸರಿ ಐತಿ ತಾಯಿ, ನೀವು ಊಟ ಮಾಡಿದಿರೇನು ಎಂದು ವಿಚಾರಿಸಿ ಆಮೇಲೆ ಒಂದನ್ನು ಒತ್ತುತ್ತಿದ್ದ. ಊರಿನಲ್ಲಿ ಆ ಧ್ವನಿಗೆ 'ಪಂಚಾಕ್ಷರಯ್ಯನಾಕಿ' ಎಂದೇ ಹೆಸರು ಬಿದ್ದಿತ್ತು.

ಆ ಮಂಗಳವಾರ ಅವನು ಬೆಂಚಿನ ಮೇಲೆ ಕೂತು, ಈ ಸರ್ಕಾರಕ್ಕೆ ಗೊತ್ತಿಲ್ಲದೆ ಮೂಗದಿನ್ನೆಯಲ್ಲಿ ಒಂದು ಕೋಳಿಯೂ ಮೊಟ್ಟೆ ಇಡುವಂತಿಲ್ಲ ಎಂದು ವಿವರಿಸುತ್ತಿದ್ದಾಗ, ಸಚಿವಾಲಯದ ಹೇಮಾವತಿ ಕೈಯಲ್ಲಿ ಟ್ಯಾಬು ಹಿಡಿದುಕೊಂಡು ಅವನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಮನೆಮನೆಯ ಸರ್ವೆ. ಹೇಮಾವತಿ ಕಡಪದ ಕಡೆಯ ಹುಡುಗಿ, ವೆಲ್ಫೇರ್ ಕೆಲಸಕ್ಕೆ ಹೊಸದಾಗಿ ಬಂದವಳು, ಕನ್ನಡದಲ್ಲಿ ಅವಳಿಗೆ ಬರುತ್ತಿದ್ದುದು 'ಇಲ್ಲ' ಎಂಬ ಒಂದು ಮಾತು. ಪಂಚಾಕ್ಷರಯ್ಯನ ಹೆಂಡತಿ ವೀರಬಸಮ್ಮ ಲಿಂಗಸುಗೂರಿನ ಕಡೆಯವಳು. ಮದುವೆಯಾಗಿ ಬಂದು ಮಗಳನ್ನು ಹಡೆದು, ಆ ಮಗಳನ್ನು ಗೋನೆಗಂಡ್ಲಕ್ಕೆ ಕೊಟ್ಟದ್ದೂ ಆಗಿತ್ತು, ಆದರೆ ಅವಳ ತೆಲುಗು ಸಂತೆಯ ತರಕಾರಿಯವರೆಗೆ ಬಂದು ಅಲ್ಲೇ ನಿಂತಿತ್ತು.

ಹೇಮಾವತಿ ಕೇಳಿದಳು, "ಅಮ್ಮಾ, ಮೀ ಆಯನ ಉಂಡಾರಾ?"

ಆ ಕಡೆಯ ತೆಲುಗಿನಲ್ಲಿ 'ಉಂಡಾರಾ' ಎಂದರೆ 'ಇದ್ದಾರೆಯೇ' ಎಂದು ಅರ್ಥ. ಲಿಂಗಸುಗೂರಿನ ಕಿವಿಗೆ ಅದು ಊಟದ ಮಾತು. ಎಷ್ಟು ಒಳ್ಳೆಯ ಹುಡುಗಿ, ಬಂದೊಡನೆ ಮನೆಯ ಯಜಮಾನರು ಉಂಡಿದ್ದಾರೆಯೇ ಎಂದು ಕೇಳುತ್ತಿದ್ದಾಳಲ್ಲ ಎಂದು ವೀರಬಸಮ್ಮನಿಗೆ ಸಂತೋಷವಾಯಿತು.

"ಇಲ್ಲವ್ವ," ಎಂದಳು. "ನಿನ್ನಿಯಿಂದ ಇಲ್ಲ."

ಹೇಮಾವತಿ ಬೆಚ್ಚಿದಳು. ನಿನ್ನೆ ಎಂಬುದು ಎರಡೂ ಭಾಷೆಯಲ್ಲಿ ಒಂದೇ. ಏನಾಯಿತು ಎಂದು ಅವಳು ಮೆಲ್ಲಗೆ ಕೇಳಿದ್ದಕ್ಕೆ ವೀರಬಸಮ್ಮ ಹೊಟ್ಟೆ ತೋರಿಸಿ, ಆದೋನಿಯಲ್ಲಿ ಮಿರ್ಚಿ ತಿಂದದ್ದು ಎಂದು ಕೈಸನ್ನೆಯಲ್ಲಿ ತಿಳಿಸಿ, ಪಾತ್ರೆ ತಿಕ್ಕುವುದನ್ನು ಮುಂದುವರಿಸಿದಳು. ಗಂಡ ನಿನ್ನೆ ತಾನೇ ಹೋಗಿದ್ದಾನೆ, ಈಕೆ ಇಷ್ಟು ನೆಮ್ಮದಿಯಿಂದ ತಪ್ಪೇಲಿ ತಿಕ್ಕುತ್ತಿದ್ದಾಳೆ. ಹೇಮಾವತಿ ಕೊನೆಯ ಪ್ರಶ್ನೆ ಕೇಳಿದಳು, "ಇಂಟ್ಲೋ ಇಂಕೆವರು ಉಂಡಾರಮ್ಮಾ?" ಮನೆಯಲ್ಲಿ ಇನ್ಯಾರು ಇದ್ದಾರೆ ಎಂದು.

"ಇನ್ಯಾರು ಉಣ್ಣತಾರ. ನಾನೊಬ್ಬಾಕಿನೇ ಉಂಡೀನಿ."

ಟ್ಯಾಬಿನಲ್ಲಿ ಸತ್ತವರಿಗೆ ಬೇರೆ ಗುಂಡಿ ಇತ್ತು. ಆದರೆ ಅದನ್ನು ಒತ್ತಿದರೆ ಮರಣದ ಸರ್ಟಿಫಿಕೇಟು ಕೇಳುತ್ತಿತ್ತು. ನಿನ್ನೆ ಹೋದವನ ಸರ್ಟಿಫಿಕೇಟನ್ನು ಇವತ್ತು ಕೇಳುವುದು ಹೇಗೆ ಎಂದು ಹೇಮಾವತಿಯ ಮನಸ್ಸು ಕರಗಿತು. ಅವಳು ಕೆಳಗಿದ್ದ ಇನ್ನೊಂದು ಗುಂಡಿ ಒತ್ತಿದಳು. ಅದರ ಮೇಲೆ 'ಲೇರು' ಎಂದಿತ್ತು. ಅಂದರೆ ಇಲ್ಲ. ಸತ್ತಿಲ್ಲ, ಬದುಕಿಲ್ಲ, ವಲಸೆ ಹೋಗಿಲ್ಲ, ಸುಮ್ಮನೆ ಇಲ್ಲ.

ಅದೇ ಗಳಿಗೆಗೆ ಯರ್ರೆಪ್ಪನ ಅಂಗಡಿಯಲ್ಲಿ ಪಂಚಾಕ್ಷರಯ್ಯ ಖಾಲಿ ಲೋಟ ಕೆಳಗಿಟ್ಟು, ಇನ್ನೊಂದು ಹಾಕಪ್ಪ ಎಂದ. ಯರ್ರೆಪ್ಪ ಅವನ ಕಡೆ ನೋಡಲೇ ಇಲ್ಲ. ಕೇಳಿಸಿರಲಿಕ್ಕಿಲ್ಲ ಎಂದು ಆಗ ಎಲ್ಲರೂ ಅಂದುಕೊಂಡರು.

ಮರುದಿನದಿಂದ ಫೋನು ಬರುವುದು ನಿಂತಿತು. ಪಂಚಾಕ್ಷರಯ್ಯ ಅದನ್ನು ಆಕಾಶಕ್ಕೆ ಎತ್ತಿ ಹಿಡಿದ, ಮಾಳಿಗೆ ಹತ್ತಿದ, ಸಚಿವಾಲಯದ ಮುಂದೆ ಹೋಗಿ ನಿಂತ. ಕಸ ಎತ್ತಿದ್ದಾರೋ ಇಲ್ಲವೋ ಎಂದು ಅವನನ್ನು ಯಾರೂ ಕೇಳಲಿಲ್ಲ. ಮೂರನೆಯ ಬೆಳಿಗ್ಗೆ ಫೋನು ಬಂತು, ಆದರೆ ವೀರಬಸಮ್ಮನ ಗುಂಡಿ ಫೋನಿಗೆ. ಅವಳಿಗೆ ತಿಳಿಯದೆ ಪಕ್ಕದ ಮನೆಯ ಸುಂಕಮ್ಮನ ಕೈಗೆ ಕೊಟ್ಟಳು. ಸುಂಕಮ್ಮನಿಗೆ ತೆಲುಗೂ ಬರುತ್ತಿತ್ತು, ಮಂದಿಯ ಮನೆಯ ಸುದ್ದಿಯೂ ಬೇಕಿತ್ತು. ಸ್ಪೀಕರ್ ಹಾಕಿದಳು. ಅದೇ ಧ್ವನಿ. ಆದರೆ ಈ ಸಲ ಅದು ತಗ್ಗಿದ ದನಿಯಲ್ಲಿ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿತು. ಒಂಟಿ ಮಹಿಳೆ ವೀರಬಸಮ್ಮನವರಿಗೆ ನಮಸ್ಕಾರ, ನೀವು ಅರ್ಜಿ ಹಾಕಿಲ್ಲ, ಆದರೂ ನಿಮ್ಮ ಪರಿಸ್ಥಿತಿ ನಮಗೆ ಕಾಣಿಸಿತು, ಒಂಟಿ ಮಹಿಳೆಯರ ಪಿಂಚಣಿ ಮಂಜೂರಾಗಿದೆ, ಒಂದನೇ ತಾರೀಖು ಮನೆ ಬಾಗಿಲಿಗೆ ಬಂದು ನಿಮ್ಮ ಹೆಬ್ಬೆಟ್ಟು ತೆಗೆದುಕೊಳ್ಳುತ್ತೇವೆ.

ಸುಂಕಮ್ಮ ಇದನ್ನೆಲ್ಲ ಕನ್ನಡದಲ್ಲಿ ಹೇಳಿ, ಫೋನು ಕೆಳಗಿಟ್ಟು, ವೀರಬಸಮ್ಮನ ಕೈ ಹಿಡಿದುಕೊಂಡಳು. ಯಾವಾಗ ಬಿಟ್ಟು ಹೋದನವ್ವ ಎಂದು ಕೇಳಿದಳು.

ಪಂಚಾಕ್ಷರಯ್ಯ ಅಲ್ಲೇ ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಿದ್ದ. "ಸುಂಕವ್ವಕ್ಕ, ನಾ ಇಲ್ಲೇ ಅದೀನಿ," ಎಂದ.

ಸುಂಕಮ್ಮ ದನಿ ಬಂದ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದಳು. "ಅದು ನನಗೂ ಕಾಣತೈತಿ," ಎಂದಳು. "ಆದ್ರ ಗೌರ್ಮೆಂಟಿನಾಕಿ ಸುಮ್ಮಸುಮ್ಮನ ಫೋನು ಮಾಡತಾಳೇನು?"

ಪಂಚಾಕ್ಷರಯ್ಯ ಇನ್ನೊಂದು ಶೇಂಗಾ ಸುಲಿದ. ಸುಮ್ಮಸುಮ್ಮನೆ ಮಾಡುವುದಿಲ್ಲ ಎಂದು ಇಷ್ಟು ವರ್ಷ ಬೆಂಚಿನ ಮೇಲೆ ಕೂತು ಸಾರಿದವನು ಅವನೇ.

ಸಚಿವಾಲಯದ ಡಿಜಿಟಲ್ ಸಹಾಯಕ ವಾಗೀಶ್ ಎಮ್ಮಿಗನೂರಿನವನು, ಮನೆಮಾತು ಕನ್ನಡ, ಒಳ್ಳೆಯ ಹುಡುಗ. ಕರೆದೊಡನೆ ಟ್ಯಾಬು ಹಿಡಿದುಕೊಂಡು ಮನೆಗೇ ಬಂದ. ಮುಖ ತೋರಿಸಿದರೆ ಸಾಕು, ಯಂತ್ರ ಗುರುತು ಹಿಡಿಯುತ್ತದೆ, ಮುಖದ ಸುತ್ತ ಹಸಿರು ಉಂಗುರ ಬರುತ್ತದೆ, ಆಮೇಲೆ ಕಣ್ಣು ಮಿಟುಕಿಸಬೇಕು, ಅಷ್ಟೇ ಎಂದ. ತೋರಿಸಲಿಕ್ಕೆಂದು ವೀರಬಸಮ್ಮನ ಮುಂದೆ ಹಿಡಿದ, ಉಂಗುರ ಬಂತು. ಗೋಡೆಯ ಮೇಲಿಂದ ಇಣುಕುತ್ತಿದ್ದ ಸುಂಕಮ್ಮನಿಗೂ ಬಂತು. ಬಾಗಿಲಲ್ಲಿ ನಿಂತಿದ್ದ ಆಡಿಗೂ ಒಂದು ಗಳಿಗೆ ಬಂದು ಹೋಯಿತು. ಪಂಚಾಕ್ಷರಯ್ಯ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತ.

ಉಂಗುರ ಬರಲಿಲ್ಲ. ಪರದೆಯ ಮೇಲೆ ಅದು ನೊಣದ ಹಾಗೆ ಅಲೆದಾಡಿತು. ಅವನ ಕಿವಿಯ ಹತ್ತಿರ ಹೋಯಿತು, ಭುಜದ ಮೇಲೆ ಹಾದುಹೋಯಿತು, ಕುರ್ಚಿಯಲ್ಲಿ ಯಾರೂ ಇಲ್ಲವೆಂಬಂತೆ ಹಿಂದಕ್ಕೆ ಸರಿದು, ಗೋಡೆಯ ಮೇಲೆ ನೇತುಹಾಕಿದ್ದ ಅವನ ತೀರಿಹೋದ ತಂದೆಯ ಫೋಟೋದ ಮೇಲೆ ಕೂತಿತು. ಕೂತು ಹಸಿರಾಯಿತು.

ದಯವಿಟ್ಟು ಕಣ್ಣು ಮಿಟುಕಿಸಿ ಎಂದು ಟ್ಯಾಬು ತೆಲುಗಿನಲ್ಲಿ ಕೇಳಿಕೊಂಡಿತು.

ತಿರುಗಿ ಫೋಟೋ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟ್ಯಾಬು, "ಧನ್ಯವಾದಾಲು," ಎಂದಿತು.

ವಾಗೀಶ್ ಅದನ್ನು ಬೋರಲು ಹಾಕಿ ತೊಡೆಯ ಮೇಲೆ ಇಟ್ಟುಕೊಂಡ. "ಬೆಳಕು ಸರಿಯಿಲ್ರಿ," ಎಂದ. ಬೆಳಗಿನ ಬಿಸಿಲು ಬಾಗಿಲಿಂದ ಒಳಗೆ ಬಂದು ಪಂಚಾಕ್ಷರಯ್ಯನ ಮುಖದ ಮೇಲೆಯೇ ಬಿದ್ದಿತ್ತು.

ಪಂಚಾಕ್ಷರಯ್ಯ ಮಂಡಲ ಕಚೇರಿಗೆ ಹೋದ. ಟೋಕನ್ನಿನ ಯಂತ್ರ ಅವನ ನಂಬರು ನುಂಗಿ ಚೀಟಿ ಕೊಡಲಿಲ್ಲ. ಒಳಗಿದ್ದ ಅಧಿಕಾರಿ ಸಜ್ಜನ, ಚೀಟಿಯಿಲ್ಲದಿದ್ದರೂ ಕೂರಿಸಿ ಪೂರ್ತಿ ಕೇಳಿಸಿಕೊಂಡರು. ತಿದ್ದಬಹುದು, ಅದೇನು ದೊಡ್ಡ ಮಾತಲ್ಲ ಎಂದರು. ಯಾರ ಹೆಸರು ತಿದ್ದಬೇಕೋ ಅವರು ಖುದ್ದಾಗಿ ಬಂದು ಯಂತ್ರಕ್ಕೆ ಮುಖ ತೋರಿಸಬೇಕು. ನೀವು ಈ ಪಂಚಾಕ್ಷರಯ್ಯನವರಿಗೆ ಏನಾಗಬೇಕು ಎಂದು ಕೇಳಿದರು.

ಪಂಚಾಕ್ಷರಯ್ಯ ಗಲಿಬಿಲಿಗೊಂಡ. ನಾನೇ ಎನ್ನಬೇಕಾದ ಬಾಯಿ, ಕಚೇರಿಯ ತಣ್ಣಗಿನ ಗಾಳಿಗೋ ಏನೋ, "ಬಾಳ ಹತ್ತಿರದಾವ್ರಿ," ಎಂದುಬಿಟ್ಟಿತು.

"ಹಂಗಾದ್ರ ಅವರನ್ನ ಕಳಿಸ್ರಿ," ಎಂದರು ಅಧಿಕಾರಿ. "ನಿಮ್ಮಂಥಾವ್ರು ಇರೋದು ಅವರ ಪುಣ್ಯ."

ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತಿದ್ದ ಅವನ ಮೇಲೆ ಒಬ್ಬಳು ಮುದುಕಿ ತನ್ನ ಗಂಟನ್ನು ಇಟ್ಟಳು. ತೊಡೆಯ ಮೇಲೆ ಗಂಟು ಬಿದ್ದಾಗ ಅವನು ಮಾತಾಡಲಿಲ್ಲ. ಮಾತಾಡಿದರೆ ಅವಳು ಹೆದರಿಕೊಂಡಾಳು ಎಂಬ ಯೋಚನೆ ಅವನಿಗೆ ಬಂತು. ಆ ಯೋಚನೆ ಬಂದದ್ದಕ್ಕೆ ಅವನೇ ಹೆದರಿಕೊಂಡ.

ಮನೆಯಲ್ಲಿ ವೀರಬಸಮ್ಮ ವಾಗೀಶನನ್ನು ಕಟ್ಟೆಯ ಮೇಲೆ ಕೂರಿಸಿ ಲೆಕ್ಕ ಕೇಳಿಯಾಗಿತ್ತು. ಒಂದನೇ ತಾರೀಖು ಅವಳು ಹೆಬ್ಬೆಟ್ಟು ಒತ್ತಿದರೆ ಗಂಡನಿಲ್ಲವೆಂದು ಅವಳೇ ಒಪ್ಪಿಕೊಂಡ ಹಾಗೆ, ಆಮೇಲೆ ದೇವರು ಬಂದರೂ ತಿದ್ದಲಾಗದು. ಒತ್ತದಿದ್ದರೆ ಮನೆಯ ರೇಷನ್ ಕಾರ್ಡೇ ಬಂದ್, ಅವಳೂ ಇಲ್ಲ.

"ನೀವು ಅದೀರೋ ಇಲ್ಲೋ ಒಂದನೇ ತಾರೀಖಿನೊಳಗ ಇತ್ಯರ್ಥ ಮಾಡ್ಕೊಳ್ರಿ," ಎಂದಳು ಗಂಡನಿಗೆ. "ಮನಿಯಾಗ ಗಂಡಸು ಕೂತಿರೋವಾಗ ಒಂಟಿ ಅಂತ ಹೆಬ್ಬೆಟ್ಟು ಒತ್ತಿದ್ರ, ಕೂತಾವ ಯಾರು ಅಂತ ಸುಂಕವ್ವಕ್ಕ ಊರಿಗೆಲ್ಲಾ ಹೇಳತಾಳ."

ಸತ್ತಿದ್ದರೆ ಸುಲಭವಿತ್ತು ಎಂದು ವಾಗೀಶ್ ನಿಟ್ಟುಸಿರು ಬಿಟ್ಟ. ತಪ್ಪಾಗಿ ಸಾಯಿಸಿದವರನ್ನು ಬದುಕಿಸುವ ದಾರಿ ಯಂತ್ರದಲ್ಲಿ ಇದೆ, ಜಿಲ್ಲೆಯಲ್ಲಿ ಅನೇಕರು ಹಾಗೆ ಎದ್ದು ಬಂದಿದ್ದಾರೆ. ಆದರೆ ಇಲ್ಲದವರನ್ನು ಇರುವಂತೆ ಮಾಡುವ ದಾರಿಯನ್ನು ಯಾರೂ ಮಾಡಿಟ್ಟಿಲ್ಲ. ಮನೆಗೆ ಹೊಸಬರನ್ನು ಸೇರಿಸಲು ಇರುವುದು ಎರಡೇ ಬಾಗಿಲು. ಒಂದು ಹುಟ್ಟು, ಇನ್ನೊಂದು ಮದುವೆ.

ಹುಟ್ಟಿನ ಬಾಗಿಲನ್ನು ಅವರು ತಳ್ಳಿಹಾಕಲಿಲ್ಲ, ಕೂತು ಯೋಚಿಸಿದರು. ವೀರಬಸಮ್ಮನ ಮಗನಾಗಿ ಪಂಚಾಕ್ಷರಯ್ಯ ಹುಟ್ಟಬೇಕು. ಹುಟ್ಟಿದರೆ ನರ್ಸಮ್ಮ ಸೂಜಿ ಹಿಡಿದು ಬರುತ್ತಾಳೆ, ಅಂಗನವಾಡಿಯವರು ತೂಕ ನೋಡುತ್ತಾರೆ, ತೂಕ ಹೆಚ್ಚಾದರೆ ಮೇಲಿನವರಿಗೆ ಹೇಳಬೇಕು. ದಿನಾ ಒಂದು ಮೊಟ್ಟೆ ಕೊಡುತ್ತಾರೆ, ಆದರೆ ಇವರ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಕೊನೆಗೆ ವೀರಬಸಮ್ಮನೇ, ಈ ವಯಸ್ಸಿನಲ್ಲಿ ನನಗೆ ಬಾಣಂತನ ಮಾಡುವವರು ಯಾರು ಎಂದು ಆ ಬಾಗಿಲು ಮುಚ್ಚಿದಳು.

ಉಳಿದದ್ದು ಮದುವೆ. ಒಂಟಿ ಮಹಿಳೆ ಮದುವೆಯಾಗಬಹುದು, ಯಂತ್ರಕ್ಕೆ ಅದರಲ್ಲಿ ಏನೂ ತಕರಾರಿಲ್ಲ. ಆದರೆ ಮದುವೆ ನಡೆದ ಜಾಗದಲ್ಲಿ, ನಡೆದ ಗಳಿಗೆಯಲ್ಲಿ, ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆಯಬೇಕು. ಹೆಣ್ಣು ತನ್ನ ಬಾಯಿಂದ ಗಂಡನ ಹೆಸರು ಹೇಳಬೇಕು, ಯಂತ್ರ ಅದನ್ನು ಕೇಳಿಸಿಕೊಳ್ಳಬೇಕು.

ಇಲ್ಲಿ ಸುಂಕಮ್ಮ ನಡುವೆ ಬಂದಳು. ಮದುವೆಯಾದವಳಿಗೆ ಮತ್ತೆ ಮದುವೆ ಎಂದರೆ ಅದು ಮದುವೆ ಅಲ್ಲ, ಉಡಿಕೆ. ಗಂಡ ಸತ್ತವಳಿಗೋ ಬಿಟ್ಟುಹೋದವಳಿಗೋ ಮಾಡುವ ಆ ಉಡಿಕೆಗೆ ಅದರದೇ ಕಟ್ಟಳೆ ಇದೆ. ವಾದ್ಯ ಬಾರಿಸಬಾರದು, ಮುತ್ತೈದೆಯರು ನೋಡಬಾರದು, ಕತ್ತಲಲ್ಲಿ ಆಗಬೇಕು. ಕತ್ತಲಾದರೆ ಫೋಟೋ ಬರುವುದಿಲ್ಲ ಎಂದು ವಾಗೀಶ್ ಗೋಗರೆದ. ಬಹಳ ಜಗ್ಗಾಡಿ ಕೊನೆಗೆ ಸುಂಕಮ್ಮ ಒಂದು ದಾರಿ ಬಿಟ್ಟುಕೊಟ್ಟಳು. ಮನುಷ್ಯರು ಹೊರಗೆ ತಿರುಗದ ಹೊತ್ತು ಹಗಲಿನಲ್ಲೂ ಒಂದಿದೆ, ಮಟಮಟ ಮಧ್ಯಾಹ್ನ. ಆಗ ಮಾಡಿ, ಆದರೆ ಮೊದಲಿನ ಗಂಡ ಹೊಟ್ಟೆಕಿಚ್ಚು ಪಡದ ಹಾಗೆ ಅವನ ಹೆಸರಿನಲ್ಲಿ ಒಂದು ತೆಂಗಿನಕಾಯಿ ಒಡೆದು ಊರ ಹೊರಗಿನ ಕಲ್ಲಿನ ಮೇಲೆ ಇಡಬೇಕು.

ಇಡುವವರು ಯಾರು ಎಂದಾಗ ಎಲ್ಲರೂ ಪಂಚಾಕ್ಷರಯ್ಯನನ್ನು ನೋಡಿದರು.

ಹೀಗಾಗಿ ಆ ಸೋಮವಾರ ಪಂಚಾಕ್ಷರಯ್ಯ ಮದುಮಗನ ಪಂಚೆ ಉಟ್ಟುಕೊಂಡು, ತಾನು ಮುನಿಯಬಾರದೆಂದು ತನಗೇ ಕಾಯಿ ಒಡೆಯಲು ಊರ ಹೊರಗೆ ಹೋದ. ಬಿಸಿಲು ನೆತ್ತಿಯ ಮೇಲಿತ್ತು. ಎಲ್ಲರ ನೆರಳೂ ಕಾಲಡಿ ಸೇರಿಕೊಳ್ಳುವ ಹೊತ್ತು, ಅವನದೂ ಸೇರಿಕೊಂಡಿತ್ತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಬಗ್ಗಿ ನೋಡಲು ಹೋಗಲಿಲ್ಲ. ಕಾಯಿ ಒಡೆದು ಎರಡು ಹೋಳನ್ನು ಕಲ್ಲಿನ ಮೇಲಿಟ್ಟು ಹೆಜ್ಜೆ ಕಿತ್ತು, ಹುಣಸೆ ಮರದವರೆಗೆ ಹೋಗಿ ತಿರುಗಿ ನೋಡಿದರೆ ಕಲ್ಲಿನ ಮೇಲೆ ಎರಡು ಖಾಲಿ ಕರಟ ಇದ್ದವು. ಅದು ನಾಯಿಯ ಕೆಲಸ ಎಂದು ಆಮೇಲೆ ಎಲ್ಲರೂ ಹೇಳಿದರು. ನಾಯಿ ಕೊಬ್ಬರಿಯನ್ನು ಅಷ್ಟು ನೀಟಾಗಿ ಬಿಡಿಸಿ ಕರಟವನ್ನು ಒಂದರೊಳಗೊಂದು ಜೋಡಿಸಿ ಇಡುತ್ತದೆಯೇ ಎಂದು ಕೇಳಿದರೆ ಮಾತ್ರ ಎಲ್ಲರೂ ಬೇರೆ ಮಾತು ತೆಗೆದರು.

ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಮುತ್ತೈದೆಯರು ನೋಡಬಾರದಲ್ಲ. ಆದರೆ ಪ್ರತಿಯೊಂದು ಬಾಗಿಲ ಸಂದಿಯಲ್ಲೂ ಒಂದೊಂದು ಕಣ್ಣು ಹೊಳೆಯುತ್ತಿತ್ತು. ಅಂಗಳದಲ್ಲಿ ವೀರಬಸಮ್ಮ ಹೊಸ ಸೀರೆ ಉಟ್ಟು ಕೂತಿದ್ದಳು. ಸಾಕ್ಷಿಗೆ ಯರ್ರೆಪ್ಪನೂ, ಪಂಚಾಕ್ಷರಯ್ಯನ ಜೊತೆ ಹತ್ತಿ ಮಾರ್ಕೆಟ್ಟಿಗೆ ಓಡಾಡುವ ಮಾರೆಣ್ಣನೂ ಬಂದಿದ್ದರು. ವಿಧವೆಯಾದ್ದರಿಂದ ಸುಂಕಮ್ಮನಿಗೆ ಮಾತ್ರ ಎದುರಿಗೇ ಕೂತು ನೋಡುವ ಅಧಿಕಾರವಿತ್ತು, ಅವಳು ಅದನ್ನು ಬಿಡಲಿಲ್ಲ. ತಪ್ಪು ಗುಂಡಿ ಒತ್ತಿದ ಹೇಮಾವತಿ ಅಳುಮುಖ ಮಾಡಿಕೊಂಡು ಅಕ್ಕಿಕಾಳು ಹಿಡಿದು ನಿಂತಿದ್ದಳು.

ಪಂಚಾಕ್ಷರಯ್ಯ ತಾಳಿ ಕಟ್ಟಿದ. ಹಳೆಯ ತಾಳಿಯ ಮೇಲೆ ಹೊಸ ತಾಳಿ. ವಾಗೀಶ್ ಟ್ಯಾಬು ಮುಂದೆ ಹಿಡಿದು, ಈಗ ಹೆಸರು ಹೇಳಬೇಕು ಅಕ್ಕ ಎಂದ.

ಇಷ್ಟು ವರ್ಷದಲ್ಲಿ ವೀರಬಸಮ್ಮ ಗಂಡನ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ. ಹೇಳುವ ಪದ್ಧತಿ ಅವರಲ್ಲಿಲ್ಲ. 'ರೀ' ಎಂದರೆ ಅವನು ಬರುತ್ತಿದ್ದ, ಜೋರಾಗಿ ಪಾತ್ರೆ ಇಟ್ಟರೂ ಬರುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡು, ಒಂದೊಂದೇ ಅಕ್ಷರ ಕಿತ್ತು ತೆಗೆದ ಹಾಗೆ ಹೇಳಿದಳು, "ಪಂಚಾಕ್ಷರಯ್ಯ."

ಅವಳ ಬಾಯಲ್ಲಿ ಆ ಹೆಸರು ಯಾರದೋ ಹೆಸರಿನ ಹಾಗೆ ಕೇಳಿಸಿತು. ದೂರದಲ್ಲಿರುವ ಯಾರನ್ನೋ ಕೂಗಿ ಕರೆದ ಹಾಗೆ. ಪಂಚಾಕ್ಷರಯ್ಯ ಬಾಯಿ ತೆರೆಯುವ ಮೊದಲೇ ಓಣಿಯ ಆ ತುದಿಯಿಂದ "ಓ" ಎಂದು ಯಾರೋ ಓಗೊಟ್ಟರು.

ಯರ್ರೆಪ್ಪ ಮಾರೆಣ್ಣನನ್ನು ನೋಡಿದ. ಮಾರೆಣ್ಣ ವಾಗೀಶನನ್ನು ನೋಡಿದ. ಮಧ್ಯಾಹ್ನದ ಹೊತ್ತಿನಲ್ಲಿ ಮೊದಲ ಕೂಗಿಗೆ ಓಗೊಡಬಾರದೆಂದು ಆ ಊರಿನ ಕೂಸಿಗೂ ಗೊತ್ತು. ಮನುಷ್ಯರಾದವರು ಓಗೊಡುವುದಿಲ್ಲ.

ಟ್ಯಾಬಿಗೆ ಇದೆಲ್ಲ ಬೇಕಿರಲಿಲ್ಲ. ವಧುವಿನ ಸುತ್ತ ಉಂಗುರ ಬಂತು, ವರನ ಸುತ್ತಲೂ ಬಂತು, ಹಸಿರಾಯಿತು. ವೀರಬಸಮ್ಮನ ಮನೆಗೆ ಹೊಸ ಸದಸ್ಯ ಸೇರ್ಪಡೆ, ಹೆಸರು ಪಂಚಾಕ್ಷರಯ್ಯ, ಸಂಬಂಧ ಎರಡನೆಯ ಗಂಡ. ಹೇಮಾವತಿ ಅಕ್ಕಿಕಾಳು ಹಾಕಿ ಗೊಳೋ ಎಂದು ಅತ್ತಳು. ವೀರಬಸಮ್ಮನಿಗೆ ಫೋನು ಬಂತು. ನೂತನ ವಧೂವರರಿಗೆ ಶುಭಾಶಯಗಳು ಎಂದು ಆ ಧ್ವನಿ ನಗುನಗುತ್ತಾ ಹೇಳಿತು. ಒಂದನೇ ತಾರೀಖು ಹೆಬ್ಬೆಟ್ಟಿಗಾಗಿ ಯಾರೂ ಬರಲಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು, ಪಂಚಾಕ್ಷರಯ್ಯನೂ ಹಾಗೆಯೇ ಅಂದುಕೊಂಡಿದ್ದ. ಆದರೆ ಮರುದಿನ ಬೆಳಿಗ್ಗೆ ವೀರಬಸಮ್ಮ ಅವನ ಮುಂದೆ ಚಹಾ ಇಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಸಕ್ಕರಿ ಸಾಕೇನ್ರಿ ಎಂದು ಕೇಳಿದಳು. ಎಂದೂ ಕೇಳಿದವಳಲ್ಲ. ಬೈಗುಳವಿಲ್ಲ, ಪಾತ್ರೆಯ ಸದ್ದಿಲ್ಲ. ಹೊಸದಾಗಿ ಮನೆಗೆ ಬಂದ ಗಂಡಸಿನೊಡನೆ ಹೇಗೆ ನಡೆದುಕೊಳ್ಳಬೇಕೋ ಹಾಗೆ, ಗೌರವದಿಂದ, ಸ್ವಲ್ಪ ದೂರದಿಂದ ನಡೆದುಕೊಂಡಳು. ಅವನಿಗೆ ಮೊದಲೆರಡು ದಿನ ಸುಖವೆನಿಸಿತು.

ಆಮೇಲೆ ಅವಳು ಮೊದಲಿನಾತನ ಮಾತು ತೆಗೆಯತೊಡಗಿದಳು. ಬಾವಿಯಿಂದ ಕೊಡ ಹೊತ್ತು ತರುವಾಗ, ಅವರಿದ್ದಾಗ ನೀರು ಅವರೇ ತರುತ್ತಿದ್ದರು ಎಂದು ಸುಂಕಮ್ಮನಿಗೆ ಹೇಳಿದಳು. ಪಂಚಾಕ್ಷರಯ್ಯನಿಗೆ ಚೆನ್ನಾಗಿ ನೆನಪಿತ್ತು, ಮೊದಲಿನಾತ ಜೀವಮಾನದಲ್ಲಿ ಒಂದು ಚೊಂಬು ನೀರು ತಂದವನಲ್ಲ. ಹಾಗೆಂದು ಹೇಳಲು ಹೋದರೆ, ಇಲ್ಲದವರ ಬಗ್ಗೆ ಹಗುರಾಗಿ ಮಾತಾಡಬಾರದು ಎಂದು ಸುಂಕಮ್ಮ ಗದರಿದಳು. ಯರ್ರೆಪ್ಪನ ಅಂಗಡಿಯಲ್ಲೂ ಅದೇ ಪಾಡು. ಆತ ಮಾತಾಡಿದರೆ ಕೇಳಬೇಕು ಅನ್ನಿಸುತ್ತಿತ್ತು, ಎಂಥಾ ತಿಳಿವಳಿಕೆ, ಎಂಥಾ ನಗು ಎಂದು ಬೆಂಚಿನವರು ಹೇಳಿಕೊಳ್ಳುತ್ತಿದ್ದರು. ಹೊಸಬ ಒಳ್ಳೆಯವನೇ, ಆದರೆ ಆತನ ಹಾಗಲ್ಲ. ಆತ ಇದ್ದಾಗ ಇದೇ ಜನ ಅವನು ಬರುವುದನ್ನು ಕಂಡು ಎದ್ದು ಹೋಗುತ್ತಿದ್ದರು.

ಸರ್ಕಾರಕ್ಕೂ ಮೊದಲಿನಾತನ ಮೇಲೆಯೇ ಹೆಚ್ಚು ಮಮತೆ. ಪಂಚಾಕ್ಷರಯ್ಯ ಮೂರು ಬೇಸಿಗೆಯಿಂದ ಓಣಿಯ ಮೋರಿಯ ಬಗ್ಗೆ ಫೋನಿನಲ್ಲಿ ದೂರು ಹಾಕುತ್ತ ಬಂದಿದ್ದ, ಯಾರೂ ಕೇಳಿರಲಿಲ್ಲ. ಈಗ ಒಂದು ದಿನ ಜನ ಬಂದು ಮೋರಿ ಕಟ್ಟಿ ಹೋದರು. ನಾನು ಹಾಕಿದ ದೂರು ಎಂದು ಅವನು ಸಚಿವಾಲಯಕ್ಕೆ ಹೋಗಿ ವಾಗೀಶನಿಗೆ ಹೇಳಿದ. ವಾಗೀಶ್ ನೋಡಿ, ಇಲ್ಲ, ಇದು ಮೊದಲಿನವರದು ಎಂದ. ಕೆಲಸ ಮುಗಿದ ಮೇಲೆ ಸರ್ಕಾರದಿಂದ ಅವರಿಗೆ ಫೋನು ಹೋಗಿದೆ, ಅವರು ಒಂದು ಒತ್ತಿ ತೃಪ್ತಿ ಹೇಳಿದ್ದಾರೆ, ಮಾತೂ ಆಡಿದ್ದಾರೆ ಎಂದು ಟ್ಯಾಬಿನ ಧ್ವನಿ ಏರಿಸಿದ.

"ಬಾಳ ಚೊಲೊ ಆತು ತಾಯಿ," ಎಂದಿತು ಪಂಚಾಕ್ಷರಯ್ಯನ ದನಿ. "ಮನೀ ಕಡೆ ಸ್ವಲ್ಪ ನಿಗಾ ಇಡ್ರಿ."

ಅದು ಅವನದೇ ದನಿ, ಮಾತಿನ ಕೊನೆಯಲ್ಲಿ ಕೆಮ್ಮುವ ಅಭ್ಯಾಸ ಕೂಡ. ಆ ಮಾತನ್ನು ಅವನು ಎಂದೂ ಆಡಿರಲಿಲ್ಲ. ಹಳೆಯ ರೆಕಾರ್ಡು ಇರಬೇಕು ಎಂದ ವಾಗೀಶ್. ಮೋರಿ ಕಟ್ಟಿದ್ದು ನಿನ್ನೆ.

ಅಂದಿನಿಂದ ಪಂಚಾಕ್ಷರಯ್ಯ ಬೆಂಚಿನ ಮೇಲೆ ಕೂರುವುದನ್ನು ಬಿಟ್ಟ. ಬೆಳಿಗ್ಗೆ ಎದ್ದು ನೀರು ತಂದ. ಕಟ್ಟಿಗೆ ಒಡೆದ. ಹೆಂಡತಿ ಹೇಳುವ ಮೊದಲೇ ಹಿಟ್ಟು ಬೀಸಿಸಿಕೊಂಡು ಬಂದ. ಇಲ್ಲದ ಮನುಷ್ಯನೊಡನೆ ಪಂದ್ಯ ಕಟ್ಟುವುದು ಎಷ್ಟು ಕಷ್ಟ ಎಂಬುದು ಅವನಿಗೆ ದಿನದಿನಕ್ಕೆ ತಿಳಿಯಿತು. ಇವನು ಒಂದು ಕೊಡ ತಂದರೆ ಮೊದಲಿನಾತ ಎರಡು ತರುತ್ತಿದ್ದನಂತೆ. ಇವನು ನಕ್ಕರೆ ಆತ ಹಾಡುತ್ತಿದ್ದನಂತೆ. ಆದರೂ ಒಂದು ಸಂಜೆ ವೀರಬಸಮ್ಮ ಅವನ ಬೆವರಿದ ಬೆನ್ನು ನೋಡಿ, ಸ್ವಲ್ಪ ಕೂಡ್ರಿ, ದಣಿದೀರಿ ಎಂದಾಗ ಅವನಿಗೆ ಎದೆ ತುಂಬಿ ಬಂತು. ಈ ಮನೆಯಲ್ಲಿ ನನಗೂ ಒಂದು ಜಾಗ ಸಿಕ್ಕೀತು ಎಂದುಕೊಂಡ.

ಮರುದಿನ ಸಂತೆಯ ಬಸ್ಸಿಗೆ ಆದೋನಿಗೆ ಹೋಗಿದ್ದ ಮಾರೆಣ್ಣ, ಇಳಿದವನೇ ತನ್ನ ಮನೆಗೆ ಹೋಗದೆ ನೇರವಾಗಿ ಇಲ್ಲಿಗೆ ಬಂದು ಕಟ್ಟೆಯ ಮೇಲೆ ಕೂತ. ನೀರು ಕೇಳಿ ಕುಡಿದ. ಮಾರ್ಕೆಟ್ಟಿನಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳ ಹತ್ತಿರ ಒಬ್ಬ ನಿಂತಿದ್ದನಂತೆ. ಬೆನ್ನು ನೋಡಿ ಪಂಚಾಕ್ಷರಯ್ಯನೇ ಎಂದುಕೊಂಡು ಮಾರೆಣ್ಣ ಹೆಗಲ ಮೇಲೆ ಕೈ ಹಾಕಿದನಂತೆ. ಅಂದು ಪಂಚಾಕ್ಷರಯ್ಯ ಬೆಳಗಿನಿಂದ ಬಾವಿಗೂ ಮನೆಗೂ ಓಡಾಡಿದ್ದನ್ನು ಇಡೀ ಓಣಿ ನೋಡಿತ್ತು.

"ತಿರುಗಿ ನೋಡಿದ, ಅಕ್ಕ," ಎಂದ ಮಾರೆಣ್ಣ ವೀರಬಸಮ್ಮನಿಗೆ. "ಮೊದಲಿನಾತನೇ. ಮನ್ಯಾಗ ಎಲ್ಲಾರೂ ಆರಾಮ ಅದಾರೇನು ಅಂದ. ಹೊಸಬ ಆಕಿನ್ನ ಚೊಲೊ ನೋಡ್ಕೊಂತಾನೇನು ಅಂತ ಕೇಳಿದ. ಹೂಂ ಅಂದೆ. ಅಷ್ಟು ಸಾಕು ಅಂತ ಮಂದಿಯೊಳಗ ಹೋದ."

ಸುಂಕಮ್ಮ ಗೋಡೆಯ ಆಚೆ ಕಡೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. ವೀರಬಸಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಹೊಸ್ತಿಲವರೆಗೆ ಬಂದಳು. ಆದೋನಿಯ ದಾರಿ ಇರುವ ದಿಕ್ಕಿಗೆ ಒಂದು ಗಳಿಗೆ ನೋಡಿದಳು.

"ಸೊರಗ್ಯಾರೇನು, ಮಾರೆಣ್ಣ?" ಎಂದಳು.

ಮಾರೆಣ್ಣ ಹೇಳಲೋ ಬೇಡವೋ ಎಂದು ಪಂಚಾಕ್ಷರಯ್ಯನ ಮುಖ ನೋಡಿದ. ಪಂಚಾಕ್ಷರಯ್ಯ ಹೆಗಲ ಮೇಲಿನ ಕೊಡವನ್ನು ಸದ್ದಾಗದಂತೆ ಕೆಳಗಿಳಿಸಿ, ಹೆಂಡತಿಯ ಪಕ್ಕಕ್ಕೆ ಬಂದು ನಿಂತ.

"ಹೇಳಪ್ಪ," ಎಂದ. "ನಾನೂ ಕೇಳಬೇಕು."